ಬೋನಸ್ ನಿಲ್ಲಿಸಿದ ಮೇಲೆ ವಾರ್ಡ್ ಬಾಯಿಬಿಟ್ಟಿತು

ನಾನು ಆಸ್ಪತ್ರೆಯಲ್ಲಿ ನರ್ಸಿಂಗ್ ಮೇಲ್ವಿಚಾರಕಿ. ಸಿಬ್ಬಂದಿಗೆ ಹುರುಪು ತುಂಬಬೇಕು ಅಂತ ಹೊರಟಾಗ ಮೊದಲು ಹೊಳೆದದ್ದು ದುಡ್ಡು. ತಿಂಗಳಿಡೀ ಒಬ್ಬ ರೋಗಿಯೂ ಬೀಳದ, ಔಷಧಿಯಲ್ಲಿ ತಪ್ಪಾಗದ ವಾರ್ಡಿಗೆ ಬೋನಸ್ ಎಂದೆವು. ಎರಡೇ ತಿಂಗಳಲ್ಲಿ ಅವಘಡದ ರಿಜಿಸ್ಟರ್ ಖಾಲಿ. ನನಗೆ ಖುಷಿಯೋ ಖುಷಿ.

ಒಂದು ಬೆಳಿಗ್ಗೆ ರೌಂಡ್ಸಿನಲ್ಲಿ ಅಜ್ಜಿಯೊಬ್ಬರ ಮೊಣಕೈ ಕಪ್ಪುಗಟ್ಟಿದ್ದು ಕಂಡಿತು. "ಮೊನ್ನೆ ರಾತ್ರಿ ಬಾತ್‌ರೂಮಲ್ಲಿ ಜಾರಿದೆ ಕಣಮ್ಮ, ಆ ನರ್ಸ್ ಹುಡುಗಿನೇ ಎತ್ತಿ ಕೂರಿಸಿದಳು" ಎಂದರು. ರಿಜಿಸ್ಟರಿನಲ್ಲಿ ಒಂದಕ್ಷರ ಇರಲಿಲ್ಲ. ಆ ಹುಡುಗಿಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅವಳು ಬರೆದಿದ್ದರೆ ಇಡೀ ವಾರ್ಡಿನ ಬೋನಸ್ ಹೋಗುತ್ತಿತ್ತು ಅಲ್ವಾ? ಮುಚ್ಚಿಡುವುದಕ್ಕೆ ನಾವೇ ದುಡ್ಡು ಕೊಟ್ಟ ಹಾಗಾಗಿತ್ತು.

ಬೋನಸ್ ನಿಲ್ಲಿಸಿದೆವು. ಕೂದಲೆಳೆಯಲ್ಲಿ ತಪ್ಪಿದ ಅವಘಡವನ್ನು ಹೇಳಿದವರನ್ನು ಗುರುತಿಸುವುದು ಎಂದು ಬದಲಾಯಿಸಿದೆವು. ಮೊದಲ ವಾರ ಯಾರೂ ಬರೆಯಲಿಲ್ಲ. ಆಮೇಲೆ ಹೊಸ ಸಿಸ್ಟರ್ ಒಬ್ಬಳು, ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಲೈನ್ ಆಂಪೂಲ್‌ಗಳು (ಇಂಜೆಕ್ಷನ್ ಔಷಧಿಯ ಪುಟ್ಟ ಸೀಸೆಗಳು) ಒಂದೇ ಟ್ರೇಯಲ್ಲಿವೆ ಎಂದು ಬರೆದಳು. ಸಲೈನ್ ಎಂದುಕೊಂಡು ಪೊಟ್ಯಾಸಿಯಂ ಅನ್ನು ತೆಳುಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ಅವತ್ತೇ ಅದನ್ನು ಟ್ರೇಯಿಂದ ತೆಗೆದು ಬೇರೆ ಕಡೆ ಬೀಗ ಹಾಕಿ ಇಟ್ಟೆವು. ಸಂಜೆ ಪಾಳಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಎಲ್ಲರೆದುರು, ಅವಳು ಏನು ನೋಡಿದಳು, ಅದರಿಂದ ಏನು ತಪ್ಪಿತು ಅಂತ ವಿವರವಾಗಿ ಹೇಳಿದೆ. ಅವಳ ಮುಖ ಅರಳಿದ್ದು ನನ್ನ ಹೊಗಳಿಕೆಗಿಂತ ಜಾಸ್ತಿ ಆ ಟ್ರೇ ಬದಲಾದದ್ದಕ್ಕೆ ಅನ್ನಿಸುತ್ತದೆ.

'ತಿಂಗಳ ಉತ್ತಮ ನರ್ಸ್' ಫೋಟೋವನ್ನೂ ಬಿಟ್ಟೆವು. ಅದರಲ್ಲಿ ನೈಟ್ ಡ್ಯೂಟಿಯವರ ಮುಖ ಬರುತ್ತಲೇ ಇರಲಿಲ್ಲ.

ಹಾಗಂತ ಬರೀ ಮಾತಿನಲ್ಲಿ ಹೊಟ್ಟೆ ತುಂಬುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದರು: ಸಂಬಳ, ಕೆಲಸದ ವಾತಾವರಣ ಸರಿಯಿಲ್ಲದಿದ್ದರೆ ಜನ ಬೇಸರಗೊಳ್ಳುತ್ತಾರೆ, ಅವು ಸರಿಯಿದ್ದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ. ನಮ್ಮಲ್ಲಿ ಬೇಸರದ ಮೂಲ ರೋಸ್ಟರ್, ಅಂದರೆ ಡ್ಯೂಟಿ ಪಟ್ಟಿ. ನಾಳೆಯ ಡ್ಯೂಟಿ ಹಿಂದಿನ ರಾತ್ರಿ ಬದಲಾಗುತ್ತಿತ್ತು. ಎರಡು ವಾರ ಮೊದಲೇ ಹಾಕಲು ಶುರು ಮಾಡಿದೆವು. ಸಾಲು ನೈಟ್ ಮಾಡಿದವರಿಗೆ ರಜೆ ಆರಿಸಿಕೊಳ್ಳುವ ಮೊದಲ ಅವಕಾಶ ಕೊಟ್ಟೆವು. ಇದನ್ನು ಮೊದಲೇ ಮಾಡಬೇಕಿತ್ತು.

ಈಗ ರಿಜಿಸ್ಟರ್ ಬೇಗ ತುಂಬುತ್ತದೆ. ಮೊನ್ನೆ ಹೌಸ್‌ಕೀಪಿಂಗ್ ಅಮ್ಮ ಒಬ್ಬರು ಬಂದು, ಒಂದು ಮಂಚದ ಬ್ರೇಕ್ ಹಿಡಿಯುತ್ತಿಲ್ಲ ಎಂದರು. ಅವರಿಗೆ ಬರೆಯಲು ಬರುವುದಿಲ್ಲ, ಸಿಸ್ಟರ್ ಬರೆದುಕೊಂಡರು. ಮರುದಿನ ಬ್ರೇಕ್ ರಿಪೇರಿಯಾಯಿತು. ಅವತ್ತಿನಿಂದ ಅವರು ನೆಲ ಒರೆಸುತ್ತಾ ಹೋಗುವಾಗ, ಯಾರೂ ಹೇಳದಿದ್ದರೂ, ಪ್ರತಿ ಮಂಚದ ಬ್ರೇಕನ್ನು ಕಾಲಲ್ಲಿ ಒತ್ತಿ ನೋಡುತ್ತಾರೆ.