ಪುಸ್ತಕ ಪ್ರಿಂಟ್ ಮಾಡ್ಸೋರಿಗೆ: ಡಿಜಿಟಲ್ಲಾ, ಆಫ್‌ಸೆಟ್ಟಾ?

ಪದೇ ಪದೇ ಇದನ್ನೇ ಕೇಳ್ತಿದೀರ, ಅದಕ್ಕೆ ಹೇಳ್ತಿದೀನಿ, ಮಂಡ್ಯದಲ್ಲಿ ನಮ್ಮ ತಾತನ ಕವನ ಸಂಕಲನ ಮಾಡಿಸ್ದಾಗ ಕಲ್ತಿದ್ದು. ಮೊದ್ಲು ಎಷ್ಟು ಕಾಪಿ ಬೇಕು ಅಂತ ಸುಳ್ಳಿಲ್ದೆ ಲೆಕ್ಕ ಹಾಕಿ. ನೆಂಟ್ರು, ಸ್ನೇಹಿತ್ರು, ಬಿಡುಗಡೆ ದಿನ ಕೊಳ್ಳೋರು ಎಲ್ಲಾ ಸೇರಿ ನೂರು ನೂರೈವತ್ತು ಅಂದ್ರೆ ಸುಮ್ನೆ ಡಿಜಿಟಲ್, ಅಂದ್ರೆ ಕಂಪ್ಯೂಟರ್ ಫೈಲಿಂದ ನೇರ ಪ್ರಿಂಟ್, ಮಾಡ್ಸಿ. ಆಫ್‌ಸೆಟ್‌ನಲ್ಲಿ ಪ್ಲೇಟ್ (ಪುಟಗಳ ಅಚ್ಚಿರೋ ಲೋಹದ ಹಾಳೆ) ಮಾಡ್ಸಿ ಮಷೀನ್ ಸೆಟ್ ಮಾಡೋ ಖರ್ಚು 100 ಕಾಪಿಗೂ ಅಷ್ಟೇ 1000 ಕಾಪಿಗೂ ಅಷ್ಟೇ, ಹಂಗಾಗಿ ಕಾಪಿ ಜಾಸ್ತಿ ಆದಷ್ಟೂ ಒಂದೊಂದರ ರೇಟು ಇಳಿಯತ್ತೆ, ಆದ್ರೆ ಆ ರೇಟ್ ನೋಡಿ ಆಸೆಬಿದ್ದು 1000 ಹೊಡೆಸಿದ್ರೆ ಅಟ್ಟದ ಮೇಲೆ ಗೆದ್ದಲಿಗೆ ಊಟ, ನಮ್ಮನೇಲಿ ಇನ್ನೂ ಆರು ಬಂಡಲ್ ಕೂತಿವೆ ಕಣ್ರಿ.

ಆಫ್‌ಸೆಟ್ಟೇ ಅಂದ್ರೆ ಪುಟಗಳನ್ನ 16ರ ಲೆಕ್ಕಕ್ಕೆ ಕೂರ್ಸಿ, ಸಾಮಾನ್ಯವಾಗಿ ಒಂದು ದೊಡ್ಡ ಹಾಳೇಲಿ 16 ಪುಟ ಅಚ್ಚಾಗತ್ತೆ, ಅದೇ ಒಂದು ಫಾರಂ. 160 ಪುಟ ಅಂದ್ರೆ ಸರಿಯಾಗಿ ಹತ್ತು ಫಾರಂ, 164 ಆಯ್ತೋ ಆ ನಾಕು ಪುಟಕ್ಕೆ ಬೇರೆ ಪ್ಲೇಟು, ದಂಡ. ಪೇಪರ್ 70 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗತ್ತೆ ಅನ್ನೋದು) ಮ್ಯಾಪ್‌ಲಿಥೋ (ಪುಸ್ತಕಕ್ಕೆ ಬಳಸೋ ಮಾಮೂಲಿ ಬಿಳಿ ಕಾಗದ) ಸಾಕು, ಅದಕ್ಕಿಂತ ತೆಳ್ಳಗಾದ್ರೆ ಹಿಂದಿನ ಪುಟದ ಅಕ್ಷರ ಇಣುಕತ್ತೆ.

ವರ್ಡ್ ಫೈಲ್ ಮಾತ್ರ ಕೊಡ್ಬೇಡಿ. ನಾನು ಕೊಟ್ಟೆ, ಪ್ರೆಸ್ಸಿನೋರ ಕಂಪ್ಯೂಟರಲ್ಲಿ ಆ ಫಾಂಟ್ ಇರ್ಲಿಲ್ಲ, ಒತ್ತಕ್ಷರ ಎಲ್ಲಾ ಎಕ್ಕುಟ್ಟೋಗಿ 'ಮಂಡ್ಯ' ಅನ್ನೋದು 'ಮಂಡ್‌ಯ' ಆಗಿತ್ತು, ಅದೂ ಮುಖಪುಟದಲ್ಲೇ! ಫಾಂಟ್ ಎಂಬೆಡ್ ಮಾಡಿರೋ, ಅಂದ್ರೆ ಫೈಲ್ ಒಳಗೇ ಫಾಂಟ್ ಸೇರಿಸಿರೋ ಪಿಡಿಎಫ್ ಕೊಡಿ. ಆಮೇಲೆ ಒಂದು ಡಮ್ಮಿ ಕಾಪಿ (ಎಲ್ಲಾ ಪ್ರಿಂಟ್ ಮಾಡೋಕೆ ಮುಂಚಿನ ಸ್ಯಾಂಪಲ್) ತಗೊಂಡು ಮಧ್ಯಕ್ಕೆ ಪೂರ್ತಿ ಬಗ್ಗಿಸಿ ನೋಡಿ, ಗಮ್ ಬೈಂಡಿಂಗ್ ಹಾಳೆ ಬಿಡತ್ತೋ ಇಲ್ವೋ ಅಲ್ಲೇ ಗೊತ್ತಾಗತ್ತೆ, ಬಿಟ್ರೆ ಹೊಲಿಗೆ ಬೈಂಡಿಂಗ್ ರೇಟ್ ಕೇಳಿ.