ಟ್ರ್ಯಾಕ್‌ಗೂ ಹೆದ್ದಾರಿಗೂ ಒಂದೇ ಗಾಡಿ: ಎಲ್‌ಎಸ್‌ಡಿ ಆರಿಸುವುದು ಹೇಗೆ?

ದಾವಣಗೆರೆಯಿಂದ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕ್ 550 ಕಿ.ಮೀ.ಗೂ ಹೆಚ್ಚು ದೂರ. ಕೊಯಮತ್ತೂರಿನ ಕರಿ ಸ್ಪೀಡ್‌ವೇ ಕೂಡ ಹತ್ತಿರವೇನಲ್ಲ. ಗಾಡಿಯನ್ನು ಟ್ರಕ್ ಮೇಲೆ ಹೇರಿಕೊಂಡು ಹೋಗುವವರನ್ನು ಬಿಟ್ಟರೆ, ಕೆಎ-17 ಅಥವಾ ಕೆಎ-16 ನಂಬರಿನ ಸ್ಪೋರ್ಟ್ಸ್ ಕಾರು ಟ್ರ್ಯಾಕ್ ಮೇಲೆ ನೂರು ಕಿ.ಮೀ. ಓಡಬೇಕಾದರೆ ಹೆದ್ದಾರಿಯಲ್ಲಿ ಸಾವಿರಕ್ಕೂ ಮೇಲೆ ಓಡಿರುತ್ತದೆ. ಎಂಜಿನ್ ಶಕ್ತಿಯನ್ನು ಎಡ-ಬಲ ಚಕ್ರಗಳಿಗೆ ಹಂಚುವ ಗೇರುಗಳ ಕಟ್ಟು ಡಿಫರೆನ್ಷಿಯಲ್; ಒಂದು ಚಕ್ರ ಸುಮ್ಮನೆ ಜಾರುವುದನ್ನು ತಡೆಯುವ ಬಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಎಲ್‌ಎಸ್‌ಡಿ. ಅದನ್ನು ಕೊಳ್ಳುವಾಗ ಈ ಲೆಕ್ಕ ಮೊದಲು ತಲೆಯಲ್ಲಿರಬೇಕು. ಮಾರುವವರು ‘ಎಷ್ಟು ಗಟ್ಟಿಯಾಗಿ ಲಾಕ್ ಆಗುತ್ತದೆ’ ಎಂಬುದನ್ನೇ ಹೇಳುತ್ತಾರೆ. ನೀವು ನೋಡಬೇಕಾದ್ದು ಎರಡು: ತಿರುವಿನಲ್ಲಿ ನಿಮ್ಮ ಗಾಡಿಯ ಒಳಚಕ್ರ ನೆಲ ಬಿಡುತ್ತದೆಯೇ? ಉಳಿದ ಸಾವಿರ ಕಿ.ಮೀ.ನಲ್ಲಿ ಈ ಯಂತ್ರ ನಿಮ್ಮನ್ನು ಗೋಳು ಹೊಯ್ದುಕೊಳ್ಳದೆ ಇರುತ್ತದೆಯೇ?

ಲೆಕ್ಕ ಹೀಗಿದೆ

ಕಂಪನಿಯಿಂದ ಬರುವ ಓಪನ್ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮಸಮ ಟಾರ್ಕ್ (ತಿರುಗಿಸುವ ಬಲ) ಹಂಚುತ್ತದೆ. ತಿರುವಿನಲ್ಲಿ ಭಾರ ಹೊರಚಕ್ರದ ಮೇಲೆ ಬಿದ್ದು ಒಳಚಕ್ರ ಹಗುರಾಗುತ್ತದೆ. ಒಳಚಕ್ರದ ಹಿಡಿತ 200 ನ್ಯೂಟನ್ ಮೀಟರ್‌ಗೆ ಮುಗಿಯಿತು ಅನ್ನಿ. ಹೊರಚಕ್ರಕ್ಕೂ 200 ಮಾತ್ರ, ಒಟ್ಟು 400. ಆಕ್ಸಿಲರೇಟರ್ ಇನ್ನಷ್ಟು ಒತ್ತಿದರೆ ಒಳಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ಅಷ್ಟೇ. ಭದ್ರಾ ನಾಲೆ ಬಯಲಿನ ಗದ್ದೆಗಳಲ್ಲಿ ಕೆಸರು ಹೊಡೆಯುವವರಿಗೆ ಇದು ಹೊಸದಲ್ಲ. ಟ್ರ್ಯಾಕ್ಟರಿನ ಒಂದು ಚಕ್ರ ಜಾರತೊಡಗಿದರೆ ಡಿಫ್ ಲಾಕ್ ಪೆಡಲ್ ತುಳಿಯುತ್ತಾರೆ, ತಿರುಗಿಸುವ ಮೊದಲು ಕಾಲು ತೆಗೆಯುತ್ತಾರೆ. ನೂರು ಕಿ.ಮೀ. ವೇಗದಲ್ಲಿ ಪೆಡಲ್ ತುಳಿದು ಬಿಡುತ್ತ ಕೂರಲಾಗದು. ಆ ಕೆಲಸವನ್ನು ತಾನೇ, ಬೇಕಾದಷ್ಟೇ ಮಾಡುವುದು ಎಲ್‌ಎಸ್‌ಡಿ.

ಹಂತ 1: ಒಳಚಕ್ರ ನೋಡಿ

ಭಾಗ ಕೊಳ್ಳುವ ಮೊದಲು ಒಂದು ಟ್ರ್ಯಾಕ್ ಡೇ, ಅಂದರೆ ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಲು ಬಿಡುವ ದಿನ, ಈಗಿರುವ ಡಿಫರೆನ್ಷಿಯಲ್‌ನಲ್ಲೇ ಓಡಿಸಿ. ಅಲ್ಲಿನ ಆಯೋಜಕರು ಒಪ್ಪಿದರೆ ಸಣ್ಣ ಕ್ಯಾಮೆರಾವೊಂದನ್ನು ಬಾಗಿಲ ಕೆಳಭಾಗಕ್ಕೆ, ಎಂಜಿನ್ ಶಕ್ತಿ ಹೋಗುವ ಚಕ್ರ ಕಾಣುವಂತೆ ಬಿಗಿಯಿರಿ. ಫ್ರಂಟ್ ವೀಲ್ ಡ್ರೈವ್ ಆದರೆ ಒಳಗಿನ ಮುಂಚಕ್ರ, ರಿಯರ್ ವೀಲ್ ಡ್ರೈವ್ ಆದರೆ ಒಳಗಿನ ಹಿಂಚಕ್ರ. ಫ್ರಂಟ್ ವೀಲ್ ಡ್ರೈವ್ ಗಾಡಿ ಹಿಂಚಕ್ರ ಎತ್ತಿಕೊಂಡು ಮೂರು ಕಾಲಲ್ಲಿ ಓಡುವುದು ಫೋಟೊದಲ್ಲಿ ಭಯಂಕರವಾಗಿ ಕಾಣುತ್ತದೆ, ಆದರೆ ಡಿಫರೆನ್ಷಿಯಲ್‌ಗೂ ಅದಕ್ಕೂ ಸಂಬಂಧವಿಲ್ಲ.

ತಿರುವು ಬಿಟ್ಟು ಹೊರಬರುವಾಗ ಆರ್‌ಪಿಎಂ ದಿಢೀರನೆ ಏರಿ ವೇಗ ಏರದಿದ್ದರೆ, ರಸ್ತೆಯ ಮೇಲೆ ಒಳಗಿನ ಟೈರಿನದೊಂದೇ ಕಪ್ಪು ಗೆರೆ ಬಿದ್ದಿದ್ದರೆ ಎಲ್‌ಎಸ್‌ಡಿ ಕೆಲಸಕ್ಕೆ ಬರುತ್ತದೆ. ಟೈರು ಸವೆದು ನುಣುಪಾಗಿ, ಶಾಕ್ ಅಬ್ಸಾರ್ಬರ್ ಸೋರುತ್ತಿದ್ದರೆ ಮೊದಲು ಅವನ್ನು ಸರಿ ಮಾಡಿಸಿ. ಅರ್ಧ ರೋಗ ಅಲ್ಲೇ ಇರುತ್ತದೆ. ಚಕ್ರ ನಿಜಕ್ಕೂ ಗಾಳಿಯಲ್ಲಿದ್ದರೆ ಆ್ಯಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ಎಡ-ಬಲ ಚಕ್ರಗಳನ್ನು ಜೋಡಿಸುವ ಸರಳು) ಕಡೆ ನೋಡಿ: ಶಕ್ತಿ ಹೋಗುವ ಆಕ್ಸಲ್ ಕಡೆಯ ಬಾರ್ ಅತಿ ಗಡುಸಾದರೆ ಒಳಚಕ್ರವನ್ನು ಅದೇ ಮೇಲೆತ್ತುತ್ತದೆ. ಆ ಬಾರ್ ಮೃದು ಮಾಡುವುದು ಡಿಫರೆನ್ಷಿಯಲ್ ಬದಲಿಸುವುದಕ್ಕಿಂತ ಎಷ್ಟೋ ಅಗ್ಗ.

ಹಂತ 2: ಬಗೆ ಆರಿಸಿ

ಹೆಲಿಕಲ್ ಬಗೆಯಲ್ಲಿ ಪ್ಲೇಟುಗಳಿಲ್ಲ, ಗೇರುಗಳು ಮಾತ್ರ. ಟಾರ್ಸೆನ್, ಕ್ವೈಫ್ ಈ ಜಾತಿಯವು. ಟಾರ್ಸೆನ್ ಬೇರು ವರ್ನನ್ ಗ್ಲೀಸ್‌ಮನ್ 1958ರಲ್ಲಿ ಪಡೆದ ಪೇಟೆಂಟಿನಲ್ಲಿದೆ. ಟಾರ್ಕ್ ಬಂದಾಗ ಗೇರುಗಳು ಕೇಸಿನ ಗೋಡೆಗೆ ಒತ್ತಿ, ಆ ಉಜ್ಜಾಟದಿಂದ ಹಿಡಿತವಿರುವ ಚಕ್ರಕ್ಕೆ ಹೆಚ್ಚು ಪಾಲು ಹೋಗುತ್ತದೆ. ಎಷ್ಟು ಪಟ್ಟು ಎಂಬುದೇ ಟಾರ್ಕ್ ಬಯಾಸ್ ಅನುಪಾತ. ಅದು 2.5 ಇದ್ದರೆ ಮೇಲಿನ ಉದಾಹರಣೆಯಲ್ಲಿ ಹೊರಚಕ್ರಕ್ಕೆ 500, ಒಟ್ಟು 700 ನ್ಯೂಟನ್ ಮೀಟರ್. ಸದ್ದಿಲ್ಲ, ಸವೆತ ಬಹಳ ಕಡಿಮೆ, ಸ್ಟೀರಿಂಗ್ ಎಳೆದಾಟವೂ ಮಿತಿಯಲ್ಲಿರುತ್ತದೆ. ದೋಷ ಒಂದೇ, ಆದರೆ ದೊಡ್ಡದು: ಒಳಚಕ್ರ ಪೂರ್ತಿ ಗಾಳಿಯಲ್ಲಿದ್ದರೆ ಎರಡೂವರೆ ಪಟ್ಟು ಸೊನ್ನೆಯೂ ಸೊನ್ನೆಯೇ. ಎಡಗಾಲಿನಲ್ಲಿ ಬ್ರೇಕ್ ಹಗುರಾಗಿ ಮುಟ್ಟಿದರೆ ಗಾಳಿಯಲ್ಲಿರುವ ಚಕ್ರಕ್ಕೂ ಸ್ವಲ್ಪ ತಡೆ ಸಿಕ್ಕಿ ಇನ್ನೊಂದು ಚಕ್ರಕ್ಕೆ ಟಾರ್ಕ್ ಹೋಗುತ್ತದೆ. ಟ್ರ್ಯಾಕ್‌ನಲ್ಲಿ ಇದು ಹಳೆಯ ಉಪಾಯ. ವೇವ್‌ಟ್ರ್ಯಾಕ್‌ನಂಥ ಕೆಲವು ಹೆಲಿಕಲ್‌ಗಳಲ್ಲಿ ಇದಕ್ಕೆಂದೇ ಒಳಗೆ ಪ್ರತ್ಯೇಕ ಏರ್ಪಾಡಿದೆ.

ಪ್ಲೇಟ್ ಬಗೆಯಲ್ಲಿ ಕ್ಲಚ್ಚಿನಂತೆ ಪ್ಲೇಟುಗಳ ಕಟ್ಟು ಇರುತ್ತದೆ. ಡ್ರೆಕ್ಸ್ಲರ್, ಕಾಜ್, ಓಎಸ್ ಗಿಕೆನ್ ಈ ಪೈಕಿ. ಸ್ಪ್ರಿಂಗು ಮೊದಲೇ ಒತ್ತಿ ಹಿಡಿದಿರುವುದು ಪ್ರೀಲೋಡ್. ಟಾರ್ಕ್ ಬಂದಾಗ ನಡುವಿನ ಶಾಫ್ಟ್ ಇಳಿಜಾರು ಕೊರೆದ ರಿಂಗುಗಳನ್ನು ಅಗಲಿಸಿ ಪ್ಲೇಟುಗಳನ್ನು ಮತ್ತಷ್ಟು ಅದುಮುತ್ತದೆ. ಚಕ್ರ ನೆಲ ಬಿಟ್ಟರೂ ಇದು ಕೈಬಿಡುವುದಿಲ್ಲ. ಅದಕ್ಕೆ ತೆರುವ ಬೆಲೆ: ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಕಟಕಟ ಸದ್ದು, ಪದೇ ಪದೇ ಎಣ್ಣೆ ಬದಲು, ಸವೆದಾಗ ಬಿಚ್ಚಿ ಪ್ಲೇಟ್ ಹಾಕಿಸುವ ಖರ್ಚು.

ಮಂದ ದ್ರವದ ತಡೆಯಿಂದ ಕೆಲಸ ಮಾಡುವ ವಿಸ್ಕಸ್ ಬಗೆಯನ್ನು ಪಕ್ಕಕ್ಕಿಡಿ. ನಿಧಾನಕ್ಕೆ ಸ್ಪಂದಿಸುತ್ತದೆ, ಹಳತಾದಂತೆ ಸೊರಗುತ್ತದೆ. ಬ್ರೇಕ್ ಹಿಡಿದು ಎಲ್‌ಎಸ್‌ಡಿಯಂತೆ ನಟಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಗಳು ಊರೊಳಗೆ ಸಾಕು, ಟ್ರ್ಯಾಕ್‌ನಲ್ಲಿ ಹತ್ತು ಸುತ್ತಿಗೆ ಬ್ರೇಕ್ ಕಾಯಿಸುತ್ತವೆ. ಆದರೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230ರಲ್ಲಿರುವಂತೆ ಕಂಪನಿಯೇ ಕ್ಲಚ್ ಇರುವ ಎಲೆಕ್ಟ್ರಾನಿಕ್ ಡಿಫರೆನ್ಷಿಯಲ್ ಕೊಟ್ಟಿದ್ದರೆ ಅದನ್ನು ಕಿತ್ತುಹಾಕಬೇಡಿ. ಗಾಡಿ ಜಾರದಂತೆ ಕಾಯುವ ಸ್ಟೆಬಿಲಿಟಿ ಕಂಟ್ರೋಲ್ ಅದರ ಜೊತೆ ಮಾತಾಡಿಕೊಂಡೇ ಕೆಲಸ ಮಾಡುತ್ತದೆ.

ನಮ್ಮ ಕಡೆಯ ಬಳಕೆಗೆ ತೀರ್ಪು ಸರಳ: ಒಳಚಕ್ರ ನೆಲದ ಮೇಲೇ ಇದ್ದರೆ ಹೆಲಿಕಲ್, ಫ್ರಂಟ್ ವೀಲ್ ಡ್ರೈವ್‌ಗಂತೂ ಎರಡು ಮಾತಿಲ್ಲ. ಬಾರ್, ಶಾಕ್ ಎಲ್ಲ ಸರಿ ಮಾಡಿಯೂ ಚಕ್ರ ಎದ್ದರೆ ಮಾತ್ರ ಪ್ಲೇಟ್.

ಹಂತ 3: ಪ್ಲೇಟ್ ಆದರೆ ಅಂಕಿ ನೋಡಿ

ಒನ್-ವೇ ಎಂದರೆ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಲಾಕ್. ಟೂ-ವೇ ಎಂದರೆ ಕಾಲು ಬಿಟ್ಟಾಗಲೂ ಅಷ್ಟೇ ಲಾಕ್. ಒಂದೂವರೆ-ವೇ ಎರಡರ ನಡುವೆ. ಟೂ-ವೇ ಡ್ರಿಫ್ಟ್ ಆಡುವವರಿಗೆ. ಬೀದಿಯಲ್ಲಿ ಅದು ತಿರುವಿನೊಳಕ್ಕೆ ಮೂತಿ ತಿರುಗಿಸಲು ಹಟ ಮಾಡುತ್ತದೆ. ರಿಯರ್ ವೀಲ್ ಡ್ರೈವ್‌ಗೆ ಒಂದೂವರೆ, ಫ್ರಂಟ್ ವೀಲ್ ಡ್ರೈವ್‌ಗೆ ಒನ್-ವೇ ಅಥವಾ ಒಂದೂವರೆ.

ಆ ರಿಂಗುಗಳ ಇಳಿಜಾರಿನ ಕೋನ 45/90 ಎಂದು ಬರೆದಿದ್ದರೆ ಸಾಮಾನ್ಯವಾಗಿ ಮೊದಲನೆಯದು ಒತ್ತುವಾಗಿನದು, ಎರಡನೆಯದು ಬಿಡುವಾಗಿನದು. ಕೋನ ಕಡಿಮೆಯಾದಷ್ಟೂ ಲಾಕ್ ಹೆಚ್ಚು, 90 ಎಂದರೆ ಲಾಕ್ ಇಲ್ಲ. ಆದರೆ ಕೋನವನ್ನು ಎಲ್ಲರೂ ಒಂದೇ ಗೆರೆಯಿಂದ ಅಳೆಯುವುದಿಲ್ಲ. ಆ ತಯಾರಕರು ಹೇಗೆ ಅಳೆಯುತ್ತಾರೆಂದು ಕೇಳಿಯೇ ಆರ್ಡರ್ ಕೊಡಿ.

ಲಾಕ್ ಶೇಕಡಾವನ್ನು (ಎರಡು ಚಕ್ರಗಳ ಟಾರ್ಕ್ ವ್ಯತ್ಯಾಸ ಒಟ್ಟು ಟಾರ್ಕಿನ ಎಷ್ಟು ಪಾಲು ಎಂಬುದು) ಹೆಲಿಕಲ್‌ನ ಅನುಪಾತಕ್ಕೆ ಹೋಲಿಸಬಹುದು. ಶೇ 40 ಲಾಕ್ ಎಂದರೆ 1.4ನ್ನು 0.6ರಿಂದ ಭಾಗಿಸಿ: ಸುಮಾರು 2.3. ಶೇ 25 ಎಂದರೆ ಸುಮಾರು 1.7. ಮಿಶ್ರ ಬಳಕೆಗೆ ಪ್ರೀಲೋಡನ್ನು ಫ್ರಂಟ್ ವೀಲ್ ಡ್ರೈವ್‌ನಲ್ಲಿ 40–60, ರಿಯರ್‌ನಲ್ಲಿ 60–100 ನ್ಯೂಟನ್ ಮೀಟರ್ ಸುತ್ತಮುತ್ತ ಶುರು ಮಾಡಿ. ಏರಿಸುವುದು ಯಾವಾಗ ಬೇಕಾದರೂ ಆದೀತು.

ಹಂತ 4: ಕೂರಿಸುವಾಗ

ಆರ್ಡರ್ ಮಾಡುವ ಮುನ್ನ ಗೇರ್‌ಬಾಕ್ಸ್ ಕೋಡ್, ಆಕ್ಸಲ್‌ನ ಸ್ಪ್ಲೈನ್ ಹಲ್ಲುಗಳ ಸಂಖ್ಯೆ, ಕ್ರೌನ್ (ಡಿಫರೆನ್ಷಿಯಲ್ ಕೇಸಿಗೆ ಬಿಗಿಯುವ ದೊಡ್ಡ ಹಲ್ಲುಗಾಲಿ) ಬೋಲ್ಟ್‌ಗಳ ಸಂಖ್ಯೆ ಮತ್ತು ಅಳತೆ ಬರೆದುಕೊಳ್ಳಿ. ಒಂದೇ ಮಾಡೆಲ್‌ನಲ್ಲಿ ವರ್ಷ ಬದಲಾದರೆ ಇವೂ ಬದಲಾಗುತ್ತವೆ. ಕೆಲವು ಹಳೆಯ ಗೇರ್‌ಬಾಕ್ಸ್‌ಗಳಲ್ಲಿ ಸ್ಪೀಡೊಮೀಟರ್ ಗೇರ್ ಡಿಫರೆನ್ಷಿಯಲ್ ಕೇಸಿನ ಮೇಲೇ ಇರುತ್ತದೆ. ಅದನ್ನು ಹೊಸ ಕೇಸಿಗೆ ದಾಟಿಸಲು ಮರೆತರೆ ಎಲ್ಲ ಜೋಡಿಸಿದ ಮೇಲೆ ಮೀಟರ್ ಮುಳ್ಳು ಸತ್ತಿರುತ್ತದೆ.

ಬೇರಿಂಗ್, ಆಕ್ಸಲ್ ಸೀಲ್, ಕ್ರೌನ್ ಬೋಲ್ಟ್ ಹೊಸವೇ ಇರಲಿ. ಕ್ರೌನ್ ವೀಲನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವುದು ಬೇಡ. ಓವನ್‌ನಲ್ಲಿ ನೂರು ಡಿಗ್ರಿ ಸುತ್ತ ಕಾಯಿಸಿದರೆ ತಾನೇ ಜಾರಿ ಕೂರುತ್ತದೆ. ಬೋಲ್ಟ್‌ಗಳ ತಿರುಪನ್ನು ಎಣ್ಣೆ ಪಸೆಯಿಲ್ಲದಂತೆ ಒರೆಸಿ, ಥ್ರೆಡ್ ಲಾಕರ್ ಹಚ್ಚಿ, ಎದುರು-ಬದುರಾಗಿ ಟಾರ್ಕ್ ರೆಂಚ್‌ನಲ್ಲಿ ಬಿಗಿಯಿರಿ.

ರಿಯರ್ ವೀಲ್ ಡ್ರೈವ್‌ನಲ್ಲಿ ಕ್ರೌನ್ ಮತ್ತು ಅದನ್ನು ತಿರುಗಿಸುವ ಪುಟ್ಟ ಗೇರಾದ ಪಿನಿಯನ್‌ನ ಸೆಟ್ಟಿಂಗ್ ಮಾಡಲೇಬೇಕು. ಡಯಲ್ ಗೇಜ್ ಇಟ್ಟು ಕ್ರೌನ್‌ನ ಮೂರು-ನಾಲ್ಕು ಜಾಗದಲ್ಲಿ ಬ್ಯಾಕ್‌ಲ್ಯಾಶ್ (ಹಲ್ಲು-ಹಲ್ಲಿನ ನಡುವಿನ ಸಡಿಲ) ಅಳೆಯಿರಿ. ಕೈಪಿಡಿ ಬೇರೆ ಹೇಳದಿದ್ದರೆ 0.10ರಿಂದ 0.15 ಮಿ.ಮೀ. ಬರಬೇಕು. ಹಲ್ಲಿಗೆ ಮಾರ್ಕಿಂಗ್ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೂ ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಬದಲಿಸಿ. ದಾವಣಗೆರೆ, ಚಿತ್ರದುರ್ಗದ ಲಾರಿ ಮೆಕ್ಯಾನಿಕ್‌ಗಳಲ್ಲಿ ಈ ಕೆಲಸದಲ್ಲಿ ಪಳಗಿದ ಕೈಗಳು ಸಿಗುತ್ತವೆ. ಕಾರಿನ ಅಳತೆ ಸೂಕ್ಷ್ಮ ಎಂಬುದನ್ನು ಹೇಳಿ, ಕೈಪಿಡಿ ಎದುರಿಗಿಟ್ಟು ಮಾಡಿಸಿ. ಫ್ರಂಟ್ ವೀಲ್ ಡ್ರೈವ್‌ನ ಸಾಮಾನ್ಯ ಗೇರ್‌ಬಾಕ್ಸ್‌ನಲ್ಲಿ ಈ ಗುರುತಿನ ತಾಪತ್ರಯವಿಲ್ಲ, ಬೇರಿಂಗ್ ಪ್ರೀಲೋಡ್‌ಗೆ (ಬೇರಿಂಗ್ ಎಷ್ಟು ಬಿಗಿಯಾಗಿ ಕೂರಬೇಕು ಎಂಬುದಕ್ಕೆ) ಶಿಮ್ ಸರಿಯಿದ್ದರೆ ಸಾಕು.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರ ಬದಲಿಸುವುದಕ್ಕೆ ಕಡಿವಾಣ ಹಾಕುತ್ತದೆ. ಆರ್‌ಟಿಒ ಮತ್ತು ವಿಮಾ ಕಂಪನಿಯನ್ನು ಮೊದಲೇ ಕೇಳಿಕೊಳ್ಳಿ. ವಾರಂಟಿ ಇದ್ದರೆ ಅದರ ಆಸೆ ಬಿಡಿ.

ಹಂತ 5: ಎಣ್ಣೆ ಮತ್ತು ಪಳಗಿಸುವುದು

ಪ್ರತ್ಯೇಕ ಹಿಂದಿನ ಹೌಸಿಂಗ್ ಇರುವ ಪ್ಲೇಟ್ ಎಲ್‌ಎಸ್‌ಡಿಗೆ ಜಿಎಲ್-5 ದರ್ಜೆಯ, ಎಲ್‌ಎಸ್‌ಡಿಗೆಂದೇ ಬರುವ 75ಡಬ್ಲ್ಯು-90 ಎಣ್ಣೆ. ಟ್ರ್ಯಾಕ್ ಹೆಚ್ಚಿದ್ದರೆ 75ಡಬ್ಲ್ಯು-140. ಸದ್ದು ತಡೆಯಲಾಗದಿದ್ದರೆ ಉಜ್ಜಾಟ ತಗ್ಗಿಸುವ ಫ್ರಿಕ್ಷನ್ ಮಾಡಿಫೈಯರ್ ಸ್ವಲ್ಪ ಸ್ವಲ್ಪವೇ ಸೇರಿಸಿ, ಸದ್ದು ತಗ್ಗಿದಲ್ಲಿಗೆ ನಿಲ್ಲಿಸಿ. ಪೂರ್ತಿ ಬಾಟಲಿ ಸುರಿದರೆ ಪ್ಲೇಟುಗಳು ಜಾರಿ, ದುಡ್ಡು ಕೊಟ್ಟು ತಂದ ಲಾಕ್ ಹೋಗುತ್ತದೆ. ಹೆಲಿಕಲ್‌ಗೆ ಮಾಡಿಫೈಯರ್ ಬೇಕಿಲ್ಲ.

ಫ್ರಂಟ್ ವೀಲ್ ಡ್ರೈವ್‌ನಲ್ಲಿ ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್‌ಗೂ ಸಾಮಾನ್ಯವಾಗಿ ಒಂದೇ ಎಣ್ಣೆ. ಅಲ್ಲಿ ಕಣ್ಣುಮುಚ್ಚಿ ಜಿಎಲ್-5 ಹಾಕಿದರೆ ಅದರ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗುಗಳನ್ನು ತಿನ್ನಬಹುದು, ಗೇರ್ ಬೀಳುವುದು ಬಿಗಿಯಾಗುತ್ತದೆ. ಗೇರ್‌ಬಾಕ್ಸ್ ತಯಾರಕರ ಮಾತೂ ಎಲ್‌ಎಸ್‌ಡಿ ತಯಾರಕರ ಮಾತೂ ಕೂಡುವ ಎಣ್ಣೆಯನ್ನೇ ಹುಡುಕಿ.

ಹೊಸ ಪ್ಲೇಟುಗಳನ್ನು ಪಳಗಿಸಲು ಖಾಲಿ ಖಾಸಗಿ ಜಾಗದಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಮೊದಲ ಗೇರಿನಲ್ಲಿ ನಿಧಾನವಾಗಿ ಎಂಟರ ಆಕಾರ ಸುತ್ತಿ. ಹತ್ತು-ಹದಿನೈದು ಸುತ್ತು, ನಡುವೆ ಆರಲು ಬಿಡುವು, ಮತ್ತೆ ಅಷ್ಟೇ. ನಂತರ ಎಣ್ಣೆ ಇಳಿಸಿ. ಮೊದಲ ಎಣ್ಣೆ ಕಪ್ಪಗೆ ಬರುವುದು ಸಹಜ; ಲೋಹದ ಚೂರು ಕಂಡರೆ ಸಹಜವಲ್ಲ.

ಆಮೇಲೆ ಕಾಡುವವು

ಎರಡು ಟೈರುಗಳ ಸುತ್ತಳತೆ ಬೇರೆಯಿದ್ದರೆ ಪ್ಲೇಟ್ ಎಲ್‌ಎಸ್‌ಡಿ ಹೆದ್ದಾರಿಯುದ್ದಕ್ಕೂ ಜಾರುತ್ತಲೇ ಇರುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿ.ಮೀ., ಬೇಸಿಗೆಯ ಬಿಸಿಲು ಬೇರೆ: ಎಣ್ಣೆ ಸುಟ್ಟ ವಾಸನೆ ಬಂದರೆ ಆಶ್ಚರ್ಯವಿಲ್ಲ. ಟೈರನ್ನು ಜೋಡಿಯಾಗಿಯೇ ಬದಲಿಸಿ. ಸಣ್ಣ ಸ್ಟೆಪ್ನಿ ಹಾಕಬೇಕಾಗಿ ಬಂದರೆ ಅದನ್ನು ಶಕ್ತಿ ಹೋಗದ ಆಕ್ಸಲ್‌ಗೆ ಹಾಕಿ, ಅಲ್ಲಿನ ಪೂರ್ಣ ಚಕ್ರವನ್ನು ಇಲ್ಲಿಗೆ ತನ್ನಿ.

ಮಳೆ ಬಿದ್ದು ಎರೆಮಣ್ಣು ಮೆತ್ತಿದ ರಸ್ತೆಯಲ್ಲಿ ಓಪನ್ ಡಿಫರೆನ್ಷಿಯಲ್ ಒಂದು ಚಕ್ರ ತಿರುಗಿಸಿ ಸುಮ್ಮನಾಗುತ್ತದೆ. ಎಲ್‌ಎಸ್‌ಡಿ ಇರುವ ರಿಯರ್ ವೀಲ್ ಡ್ರೈವ್‌ನಲ್ಲಿ ಎರಡೂ ಒಟ್ಟಿಗೆ ಜಾರಿ ಹಿಂಭಾಗ ಪಕ್ಕಕ್ಕೆ ಬರುತ್ತದೆ. ಕಾಲು ಹಗುರಾಗಿರಲಿ.

ಪ್ಲೇಟ್ ಸವೆದಿದೆಯೇ ನೋಡಲು ಗೇರ್ ನ್ಯೂಟ್ರಲ್‌ಗೆ ಹಾಕಿ, ಶಕ್ತಿ ಹೋಗದ ಆಕ್ಸಲ್‌ನ ಚಕ್ರಗಳಿಗೆ ಗುಜ್ಜು ಕೊಟ್ಟು, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರ ಮಾತ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಹಬ್‌ಗೆ ಟಾರ್ಕ್ ರೆಂಚ್ ಹಾಕಿ ನಿಧಾನ ತಿರುಗಿಸಿ. ಚಕ್ರ ಕದಲುವ ಅಂಕಿಯನ್ನು ಹೊಸದಿದ್ದಾಗ ಬರೆದಿಟ್ಟ ಅಂಕಿಗೆ ಹೋಲಿಸಿ. ಅರ್ಧಕ್ಕೆ ಇಳಿದಿದ್ದರೆ ಪ್ಲೇಟ್ ಕಟ್ಟು ಬಿಚ್ಚುವ ಕಾಲ ಬಂದಿದೆ. ಹೆಲಿಕಲ್‌ಗೆ ಈ ಪರೀಕ್ಷೆ ಹೊಂದುವುದಿಲ್ಲ, ಹೊಸದರಲ್ಲೂ ಅದು ಸಲೀಸಾಗಿ ತಿರುಗುತ್ತದೆ.

ಪಂಕ್ಚರ್ ಅಂಗಡಿಯಲ್ಲಾಗಲಿ ಗ್ಯಾರೇಜಿನಲ್ಲಾಗಲಿ ಎಲ್‌ಎಸ್‌ಡಿ ಗಾಡಿಯ ಒಂದು ಚಕ್ರ ಜ್ಯಾಕ್ ಮೇಲಿರುವಾಗ ಎಂಜಿನ್ ಚಾಲೂ ಮಾಡಿ ಗೇರ್ ಹಾಕಲು ಯಾರಿಗೂ ಬಿಡಬೇಡಿ. ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಟಾರ್ಕ್ ಹೋಗಿ ಗಾಡಿ ಜ್ಯಾಕ್ ಬಿಟ್ಟು ಮುಂದಕ್ಕೆ ನುಗ್ಗಬಹುದು. ಡ್ಯಾಶ್‌ಬೋರ್ಡ್ ಮೇಲೆ ‘ಎಲ್‌ಎಸ್‌ಡಿ ಇದೆ, ಎರಡೂ ಚಕ್ರ ಎತ್ತಿ’ ಎಂದು ಕನ್ನಡದಲ್ಲೇ ಸ್ಟಿಕ್ಕರ್ ಅಂಟಿಸಿಡಿ.