ಸೈಕಿಯಾಟ್ರಿಸ್ಟ್ ಆಗಿದ್ಕೊಂಡು ಬರೆಯೋದೂ ಬೇಕು ಅನ್ನೋರಿಗೆ

ಟೈಮ್ ಎಲ್ಲಿಂದ ಸಿಗತ್ತೆ ನಿಮಗೆ ಅಂತ ಎಲ್ರೂ ಕೇಳ್ತಾರೆ. ಟೈಮ್ ಹೇಗೋ ಹೊಂದಿಸ್ಬಹುದು ಕಣ್ರೀ, ತಲೆ ಖಾಲಿ ಇರೋ ಟೈಮ್ ಸಿಗೋದೇ ಕಷ್ಟ. ಇಡೀ ದಿನ ಬೇರೆಯವರ ನೋವು ಕೇಳಿ ಎದ್ದಾಗ ಕಿವೀಲಿ ಅವರದ್ದೇ ದನಿ ಓಡ್ತಿರತ್ತೆ, ಆಗ ಬರೆಯೋಕೆ ಕೂತ್ರೆ ಹೊರಗೆ ಬರೋದು ಕಥೆ ಅಲ್ಲ, ಕೇಸ್ ಶೀಟು.

ಹಾಗಾಗಿ ಕ್ಲಿನಿಕ್ ಮುಗಿದ ತಕ್ಷಣ ಬರೀಬೇಡಿ. ಮೊದಲು ಆವತ್ತಿನ ನೋಟ್ಸ್ ಆವತ್ತೇ ಮುಗಿಸಿ, ಅರ್ಧಂಬರ್ಧ ಬಿಟ್ಟ ಫೈಲು ಮನೆ ತನಕ ಬರತ್ತೆ. ಬರವಣಿಗೆಗೆ ಬೆಳಿಗ್ಗೆ ಮೊದಲ ಪೇಷಂಟ್ ಬರೋಕೆ ಮುಂಚೆ ಅರ್ಧ ಗಂಟೆ ಸಿಕ್ರೂ ಸಾಕು. ಆನ್ ಕಾಲ್ ಇರೋ ವಾರ ಬರೆಯೋ ಪ್ಲಾನೇ ಇಟ್ಕೋಬೇಡಿ. ನಿದ್ದೆಗೆಟ್ಟು ಬರೆಯೋದಂತೂ ಬೇಡ್ವೇ ಬೇಡ, ಬೈಪೋಲಾರ್ (ಮನಸ್ಸು ಒಮ್ಮೆ ಅತಿ ಉದ್ರೇಕಕ್ಕೆ, ಒಮ್ಮೆ ಖಿನ್ನತೆಗೆ ಹೋಗೋ ಕಾಯಿಲೆ) ಇರೋರಿಗೆ ನಿದ್ದೆ ಕಮ್ಮಿ ಆದ್ರೆ ಮೇನಿಯಾ, ಅಂದ್ರೆ ಆ ಅತಿ ಉದ್ರೇಕದ ಸ್ಥಿತಿ, ಶುರುವಾಗ್ಬಹುದು ನೋಡ್ಕೊಳಿ ಅಂತ ದಿನಾ ಹೇಳೋರು ನಾವೇ, ನಮ್ಮ ನಿದ್ದೆ ಮಾತ್ರ ಏನಾದ್ರೂ ಆಗ್ಲಿ ಅಂದ್ರೆ ಹೇಗೆ?

ಈಗ ನಿಜವಾದ ತಲೆನೋವು, ಪೇಷಂಟ್‌ಗಳ ಬಗ್ಗೆ ಬರೆಯೋದು. ಹೆಸರು ಬದಲಾಯಿಸಿದ್ರೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಆದ್ರೆ ಕೆಲಸ, ವಯಸ್ಸು, ಎಷ್ಟು ಮಕ್ಕಳು, ಯಾವ ಥರದ ಭಯ ಇಷ್ಟು ಹೇಳಿದ್ರೆ ಅವರ ಮನೆಯವರಿಗೆ ಯಾರು ಅಂತ ಗೊತ್ತಾಗಿಬಿಡತ್ತೆ. ಸೈಕೋಅನಾಲಿಸಿಸ್ ಶುರು ಮಾಡಿದ ಡಾಕ್ಟರ್ ಫ್ರಾಯ್ಡ್, ಡೋರಾ ಅನ್ನೋ ಹುಡುಗಿ ಕೇಸನ್ನ, 1900ರ ಕೊನೆಗೆ ಟ್ರೀಟ್‌ಮೆಂಟ್ ನಿಂತ್ರೂ, 1905ರ ತನಕ ಪ್ರಿಂಟ್ ಮಾಡ್ಸಿರಲಿಲ್ಲ, ಹೆಸರೂ ಬದಲಾಯಿಸಿದ್ದ, ಆದ್ರೂ ಆಮೇಲೆ ಆಕೆ ಯಾರು ಅಂತ ಜಗತ್ತಿಗೇ ಗೊತ್ತಾಯ್ತು. ಪರ್ಮಿಷನ್ ಕೇಳ್ತೀನಿ ಅಂತೀರಾ? ಟ್ರೀಟ್‌ಮೆಂಟ್ ನಡೀತಿರುವಾಗ ಡಾಕ್ಟರ್‌ಗೆ ಬೇಡ ಅನ್ನೋ ಧೈರ್ಯ ಎಷ್ಟು ಜನಕ್ಕಿರತ್ತೆ, ಹೂಂ ಅಂದ್ರೂ ಅದನ್ನ ಪೂರ್ತಿ ಒಪ್ಪಿಗೆ ಅಂತ ನಾನಂತೂ ಲೆಕ್ಕಕ್ಕೆ ತಗೊಳಲ್ಲ. ಕಥೆ ಬರೀಬೇಕಾ, ವ್ಯಕ್ತಿಯನ್ನೇ ಹೊಸದಾಗಿ ಹುಟ್ಟಿಸಿ, ನೋಡಿದ ಭಾವನೆ ಇಟ್ಕೊಂಡು ಘಟನೆ ಬಿಡಿ. ಅವರೇ ಓದಿದ್ರೆ ಇದು ನಾನೇ ಅನ್ಸತ್ತಾ ಅಂತ ಕೇಳ್ಕೊಳಿ, ಅನುಮಾನ ಬಂದ್ರೆ ಆ ಪುಟ ಡಿಲೀಟ್.

ಇನ್ನೊಂದು ಸೂಕ್ಷ್ಮ ಇದೆ. ಪೇಷಂಟ್ ಅಳ್ತಾ ಏನೋ ಹೇಳ್ತಿರುವಾಗ ಆಹಾ ಎಂಥಾ ಲೈನ್ ಅಂತ ಒಳಗಿನ ರೈಟರ್ ಕಿವಿ ನಿಮಿರಿಸ್ತಾನೆ. ಅದು ಬರೋದನ್ನ ತಡೆಯಕ್ಕಾಗಲ್ಲ ಬಿಡಿ, ಆದ್ರೆ ಡಯಾಗ್ನೋಸಿಸ್‌ಗೆ ಬೇಕಿಲ್ಲದ ಪ್ರಶ್ನೆನ ಬರೀ ಕಥೆಯ ಕುತೂಹಲಕ್ಕೆ ಕೇಳ್ತಿದೀನಿ ಅನ್ಸಿದ್ರೆ ಅಲ್ಲೇ ನಿಲ್ಲಿಸಿ, ನಂಬಿಕಸ್ತ ಸಹೋದ್ಯೋಗಿ ಹತ್ರ ಸೂಪರ್‌ವಿಷನ್‌ನಲ್ಲಿ (ನಮ್ಮ ಕೆಲಸದ ಬಗ್ಗೆ ಇನ್ನೊಬ್ಬ ಡಾಕ್ಟರ್ ಜೊತೆ ಚರ್ಚಿಸೋದು) ಮಾತಾಡಿ.

ಲೇಖನ ಬರೆಯೋರಿಗೆ ಎರಡು ಮಾತು. ಆತ್ಮಹತ್ಯೆ ಬಗ್ಗೆ ಬರೆದ್ರೆ ವಿಧಾನ, ಜಾಗ ವಿವರಿಸ್ಬೇಡಿ, ಒಂದೇ ಒಂದು ಕಾರಣಕ್ಕೆ ಕಟ್ಟಿಹಾಕ್ಬೇಡಿ, ಸಹಾಯ ಎಲ್ಲಿ ಸಿಗತ್ತೆ ಅಂತ ಸೇರಿಸಿ, ಡಬ್ಲ್ಯುಎಚ್‌ಓ (ವಿಶ್ವ ಆರೋಗ್ಯ ಸಂಸ್ಥೆ) ಮೀಡಿಯಾದವರಿಗೆ ಹೇಳೋದೂ ಇದನ್ನೇ. ಸೆಲೆಬ್ರಿಟಿಗಳಿಗೆ ಏನ್ ಕಾಯಿಲೆ ಇರ್ಬಹುದು ಅಂತ ಎಡಿಟರ್ ಕೇಳಿದ್ರೆ ನಯವಾಗಿ ಜಾರ್ಕೊಳಿ. 1964ರಲ್ಲಿ ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಬ್ಯಾರಿ ಗೋಲ್ಡ್‌ವಾಟರ್ ಬಗ್ಗೆ ಹಾಗೆ ಅಭಿಪ್ರಾಯ ಛಾಪಿಸಿದ ಪತ್ರಿಕೆ ಮೇಲೆ ಆತ ಕೇಸ್ ಹಾಕಿ ಗೆದ್ದ, ಆಮೇಲೆ 1973ರಲ್ಲಿ ಅಲ್ಲಿನ ಸೈಕಿಯಾಟ್ರಿಸ್ಟ್‌ಗಳ ಸಂಘ ಪರೀಕ್ಷೆ ಮಾಡದೇ ಇರೋರ ಬಗ್ಗೆ ವೃತ್ತಿಪರ ಅಭಿಪ್ರಾಯ ಕೊಡ್ಬಾರ್ದು ಅಂತ ರೂಲೇ ಮಾಡ್ತು.

ಓದುಗರು ಮೆಸೇಜಲ್ಲಿ ಲಕ್ಷಣ ಬರೆದು ಮಾತ್ರೆ ಕೇಳ್ತಾರೆ. ಇನ್‌ಬಾಕ್ಸಲ್ಲಿ ಟ್ರೀಟ್‌ಮೆಂಟ್ ಮಾಡ್ಬೇಡಿ, ಹತ್ತಿರದ ಡಾಕ್ಟರ್ ನೋಡಿ ಅನ್ನೋ ಒಂದು ರೆಡಿ ಉತ್ತರ ಇಟ್ಕೊಳಿ. ಮನೆಯವರನ್ನ ಪೇಷಂಟೂ ಮಾಡ್ಬೇಡಿ, ಪಾತ್ರಾನೂ ಮಾಡ್ಬೇಡಿ.

ಬರ್ನೌಟ್‌ನ ಡಬ್ಲ್ಯುಎಚ್‌ಓದ ಕಾಯಿಲೆಗಳ ಪಟ್ಟಿ ಐಸಿಡಿ 11ರಲ್ಲಿ ಕಾಯಿಲೆ ಅಂತ ಹಾಕಿಲ್ಲ, ಕೆಲಸದಿಂದ ಬರೋ ಸ್ಥಿತಿ ಅಂತ ಹಾಕಿದಾರೆ: ಸುಸ್ತು, ಕೆಲಸದ ಬಗ್ಗೆ ಜಿಗುಪ್ಸೆ, ಏನೂ ಸಾಧಿಸ್ತಿಲ್ಲ ಅನ್ನೋ ಭಾವ. ಬರೆಯೋ ಡಾಕ್ಟರ್‌ಗೆ ಇದು ಇನ್ನೊಂದು ವೇಷದಲ್ಲೂ ಬರತ್ತೆ, ಎದುರು ಕೂತಿರೋ ಮನುಷ್ಯ ಬರೀ ಮೆಟೀರಿಯಲ್ ಥರ ಕಾಣೋಕೆ ಶುರುವಾಗ್ತಾನೆ. ಹಾಗಾದ್ರೆ ಡೆಡ್‌ಲೈನ್ ಮುಂದೆ ಹಾಕಿ, ರಜೆ ತಗೊಳಿ, ಆ ರಜೇಲಿ ಬರೀಬೇಡಿ. ಆಮೇಲೂ ಹಾಗೇ ಅನ್ಸಿದ್ರೆ ನೀವೂ ಒಬ್ಬ ಥೆರಪಿಸ್ಟ್ ಹತ್ರ ಅಪಾಯಿಂಟ್‌ಮೆಂಟ್ ತಗೊಳಿ, ನಾಚ್ಕೋಬೇಡಿ.